ಮಣ್ಣಿನಿಂದ ಎದ್ದ ಬೆಳ್ಳಿ: ಲೋಹ ಸಂರಕ್ಷಕಿಗೆ ನಿಮ್ಮ ಪ್ರಶ್ನೆಗಳು

ಈ ವಾರ ನಮ್ಮ ಮೆಟಲ್ ಡಿಟೆಕ್ಟರ್ ಹವ್ಯಾಸಿಗಳ ಗುಂಪಿನಲ್ಲಿ ಸದಸ್ಯರು ಅಡ್ಡಹೆಸರುಗಳಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವವರು ವಸ್ತುಸಂಗ್ರಹಾಲಯವೊಂದರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂರಕ್ಷಕಿ. ಮಣ್ಣಿನಿಂದ ಬಂದ ಲೋಹದ ವಸ್ತುಗಳನ್ನು ಶುಚಿಗೊಳಿಸಿ ಕಾಪಾಡುವುದು ಅವರ ಕೆಲಸ. ರಜೆಯ ದಿನಗಳಲ್ಲಿ ತಾವೂ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುತ್ತಾರೆ. ನಾಣ್ಯಕ್ಕೆ ಎಷ್ಟು ಹಣ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ ಎಂದು ಮೊದಲೇ ತಿಳಿಸಿದ್ದಾರೆ.

ಮೊದಲ ಬೆಳ್ಳಿ: ಮೇಡಂ, ಎಂಟು ತಿಂಗಳಿಂದ ಡಿಟೆಕ್ಟರ್ ಹಿಡಿದು ಅಲೆಯುತ್ತಿದ್ದೇನೆ. ಈವರೆಗೆ ಸಿಕ್ಕಿದ್ದು ಬಾಟಲಿ ಮುಚ್ಚಳ, ಮೊಳೆ, ಬೆಂಡಾದ ಚಮಚ. ಮೊನ್ನೆ ಪರಿಚಿತರೊಬ್ಬರ ಒಪ್ಪಿಗೆ ಪಡೆದು ಅವರ ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದೆ. ಅದು ಉಳುಮೆ ಕಾಣದ ನೆಲ. ಹೆಡ್‌ಫೋನಿನಲ್ಲಿ ಇದ್ದಕ್ಕಿದ್ದಂತೆ ಗಂಟೆಯ ನಾದದಂಥ ಸದ್ದು ಬಂತು. ಮಂಡಿಯೂರಿ ಅಗೆದೆ. ಸುಮಾರು ಹನ್ನೆರಡು ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಹೆಂಟೆ ಒಡೆದಾಗ ಬಿಳಿಯ ಅಂಚೊಂದು ಇಣುಕಿತು. ಕೈ ನಡುಗತೊಡಗಿತು. ಹೆಬ್ಬೆರಳಿನಿಂದ ಉಜ್ಜಿ ನೋಡಿದರೆ ಮುಸುಕು ಹೊದ್ದ ದಪ್ಪ ಮುಖದ ಹೆಂಗಸು, ಹಿಂಬದಿಯಲ್ಲಿ ಗಂಡಭೇರುಂಡದ ಹಾಗೆ ಎರಡು ತಲೆಯ ಹದ್ದು, ಅದರ ಪಕ್ಕ 1780 ಎಂಬ ಇಸವಿ. ಆ ರಾತ್ರಿ ನಿದ್ದೆಯೇ ಬರಲಿಲ್ಲ. ಕೆಲವೆಡೆ ಹಸಿರು ಕಲೆಗಳಿವೆ. ಇದು ನಿಜವಾಗಿಯೂ ಬೆಳ್ಳಿಯೇ? ನಿಜವಾಗಿಯೂ ಅಷ್ಟು ಹಳೆಯದೇ?

ಸಂರಕ್ಷಕಿ: ಮೊದಲು ಅಭಿನಂದನೆ. ಆ ಬಿಳಿ ಅಂಚು ಕಂಡ ಗಳಿಗೆ ನನಗೂ ಗೊತ್ತು. ಕಬ್ಬಿಣ ಮಣ್ಣಿನಲ್ಲಿ ಕರಗಿಹೋಗುತ್ತದೆ, ತಾಮ್ರ ಹಸಿರಾಗುತ್ತದೆ. ಒಳ್ಳೆಯ ಬೆಳ್ಳಿ ಮಾತ್ರ ನಿನ್ನೆ ಸಂಜೆ ಯಾರದೋ ಜೇಬಿನಿಂದ ಜಾರಿ ಬಿದ್ದಂತೆ ಎದ್ದು ಬರುತ್ತದೆ. ಕೊನೆಯ ಬಾರಿ ಅದನ್ನು ಮುಟ್ಟಿದ ಕೈಗೂ ನಿಮ್ಮ ಕೈಗೂ ನಡುವೆ ಇನ್ನೊಂದು ಕೈ ಬಂದಿಲ್ಲ. ನಡುಕ ಅದಕ್ಕೇ.

ನೀವು ಹೇಳಿದ ಚಿತ್ರಗಳನ್ನು ನೋಡಿದರೆ ಅದು ಮರಿಯಾ ತೆರೇಸಾ ಥೇಲರ್, ಆಸ್ಟ್ರಿಯಾದ ರಾಣಿಯ ಮುಖವಿರುವ ದೊಡ್ಡ ಬೆಳ್ಳಿ ನಾಣ್ಯ. ತೂಗಿ ನೋಡಿ, 28 ಗ್ರಾಂ ಆಸುಪಾಸು ಬರಬೇಕು. ಅಂಚಿನ ಮೇಲೆ ಲ್ಯಾಟಿನ್ ಅಕ್ಷರಗಳಿರಬೇಕು. ಸಾವಿರದಲ್ಲಿ 833 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಹಸಿರು ಕಲೆ ಆ ತಾಮ್ರದ್ದು, ಅದರಿಂದ ನಾಣ್ಯ ನಕಲಿ ಎಂದಾಗುವುದಿಲ್ಲ.

ಇಸವಿಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಗಟ್ಟಿಯಾಗಿ ಕುಳಿತುಕೊಳ್ಳಿ. ಆಸ್ಟ್ರಿಯಾದ ಈ ರಾಣಿ ತೀರಿಕೊಂಡದ್ದು 1780ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಕೆಂಪು ಸಮುದ್ರದ ಎರಡೂ ದಂಡೆಗಳಲ್ಲಿ, ಅರೇಬಿಯಾದಲ್ಲಿ, ಇಥಿಯೋಪಿಯಾದಲ್ಲಿ ವ್ಯಾಪಾರಿಗಳಿಗೆ ಈ ನಾಣ್ಯದ ಮೇಲೆ ಎಷ್ಟು ನಂಬಿಕೆ ಕೂತಿತ್ತೆಂದರೆ, ಮುಖ ಬದಲಾದರೆ ಅವರು ಮುಟ್ಟುತ್ತಿರಲಿಲ್ಲ. ಹಾಗಾಗಿ ಅದೇ ಮುಖ, ಅದೇ 1780 ಇಟ್ಟುಕೊಂಡು ಟಂಕಿಸುತ್ತಲೇ ಹೋದರು. ವಿಯೆನ್ನಾದಲ್ಲಿ ಮಾತ್ರವಲ್ಲ, 20ನೆಯ ಶತಮಾನದಲ್ಲಿ ರೋಮ್, ಪ್ಯಾರಿಸ್, ಲಂಡನ್, ಬರ್ಮಿಂಗ್‌ಹ್ಯಾಮ್, ಎರಡನೆಯ ಮಹಾಯುದ್ಧದ ಹೊತ್ತಿಗೆ ಬಾಂಬೆಯ ಟಂಕಸಾಲೆಯಲ್ಲೂ. ರಾಣಿ ಸತ್ತು ಒಂದೂವರೆ ಶತಮಾನ ಕಳೆದ ಮೇಲೂ ಅವಳ ಇಸವಿ ಮುಂದೆ ಹೋಗಲಿಲ್ಲ.

ಅವಳ ಎದೆಯ ಮೇಲಿನ ಪದಕದ ಮುತ್ತುಗಳು, ಹದ್ದಿನ ಬಾಲದ ಗರಿಗಳು, ಇಂಥವನ್ನು ಹೋಲಿಸಿ ಯಾವ ಟಂಕಸಾಲೆಯದು, ಯಾವ ಕಾಲದ್ದು ಎಂದು ನಾಣ್ಯ ಬಲ್ಲವರು ಅಂದಾಜು ಮಾಡುತ್ತಾರೆ. ಆದರೆ ಅದು ಮಣ್ಣಿಗೆ ಬಿದ್ದದ್ದು ಯಾವಾಗ ಎಂಬುದನ್ನು ನಾಣ್ಯ ಹೇಳುವುದಿಲ್ಲ, ಗುಂಡಿ ಹೇಳುತ್ತದೆ. ಪಕ್ಕದಲ್ಲಿ ಏನಿತ್ತು? ಕೆಳಗೆ? ಮಣ್ಣಿನ ಬಣ್ಣ ಬದಲಾಗಿತ್ತೇ? ಆ ಜಾಗ ಇನ್ನೂ ಗುರುತು ಸಿಗುತ್ತದೆಯೇ?

ಮೊದಲ ಬೆಳ್ಳಿ: ಜಾಗ ಗೊತ್ತಿದೆ. ಆದರೆ ಗುಂಡಿ ಮುಚ್ಚಿ ಹುಲ್ಲಿನ ಸಮೇತ ಎತ್ತಿದ್ದ ಮಣ್ಣಿನ ಪದರವನ್ನು ಮೇಲೆ ಕೂರಿಸಿದ್ದೇನೆ. ಪಕ್ಕದಲ್ಲಿ ಏನಿತ್ತೆಂದು, ನಿಜ ಹೇಳಬೇಕೆಂದರೆ, ನೋಡಲಿಲ್ಲ. ನಾಣ್ಯ ಕಂಡ ಮೇಲೆ ಬೇರೇನೂ ಕಾಣಲಿಲ್ಲ.

ಸಂರಕ್ಷಕಿ: ಯಾರಿಗೂ ಕಾಣುವುದಿಲ್ಲ. ನನ್ನ ಮೊದಲ ಬೆಳ್ಳಿ ನಾಣ್ಯದ ಮೇಲೆ ನನ್ನದೇ ಕುರ್ಪಿಯ ಗೀರು ಇದೆ, ರಾಜನ ಮೂಗಿನ ನಡುವೆ. ಈಗ ಗಂಟೆಯ ಸದ್ದು ಬಂದರೆ ಮೊದಲು ಕುರ್ಪಿ ಕೆಳಗಿಟ್ಟು ನೀರು ಕುಡಿಯುತ್ತೇನೆ. ಗುಂಡಿ ಮುಚ್ಚಿದ್ದು ಒಳ್ಳೆಯದೇ ಆಯಿತು. ಒಡೆಯರನ್ನು ಮತ್ತೆ ಕೇಳಿ, ಅದೇ ಗುಂಡಿಯ ಗೋಡೆಗಳನ್ನೂ ತಳವನ್ನೂ ಇನ್ನೊಮ್ಮೆ ಪರೀಕ್ಷಿಸಿ. ದೊಡ್ಡ ಬೆಳ್ಳಿಯ ಸದ್ದಿನ ಅಡಿಯಲ್ಲಿ ಸಣ್ಣ ಲೋಹಗಳ ಸದ್ದು ಮುಚ್ಚಿಹೋಗಿರುತ್ತದೆ.

ವೈರ್‌ಮನ್: ಯಂತ್ರಕ್ಕೆ ಬೆಳ್ಳಿ ಎಂದು ತಿಳಿಯುವುದು ಹೇಗೆ? ನನ್ನದು ಒಮ್ಮೆ 90ರ ಮೇಲೆ ಅಂಕಿ ತೋರಿಸಿತು. ಅಗೆದರೆ ಜಜ್ಜಿದ ಅಲ್ಯೂಮಿನಿಯಂ ಡಬ್ಬಿ.

ಸಂರಕ್ಷಕಿ: ಅದಕ್ಕೆ ಬೆಳ್ಳಿ ಎಂದು ತಿಳಿಯುವುದೇ ಇಲ್ಲ. ಕಾಯಿಲ್, ಎಂದರೆ ಯಂತ್ರದ ತುದಿಯಲ್ಲಿರುವ ತಂತಿಯ ಸುರುಳಿ, ನೆಲದೊಳಕ್ಕೆ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ಕಳಿಸುತ್ತದೆ, ಆಗ ಲೋಹದೊಳಗೆ ವಿದ್ಯುತ್ ಸುಳಿಸುಳಿಯಾಗಿ ಹರಿಯುತ್ತದೆ, ಆ ಸುಳಿಗಳು ತಮ್ಮದೇ ಕ್ಷೇತ್ರವನ್ನು ವಾಪಸು ಕಳಿಸುತ್ತವೆ. ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ಲೋಹದ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಆ ತಡವನ್ನು ಅಳೆದು ಯಂತ್ರ ಅಂಕಿಯನ್ನೂ ಸದ್ದನ್ನೂ ಕೊಡುತ್ತದೆ. ಎಲ್ಲ ಲೋಹಗಳಲ್ಲಿ ಬೆಳ್ಳಿಯೇ ಅತ್ಯುತ್ತಮ ವಾಹಕವಾದ್ದರಿಂದ ಅದರ ಸದ್ದು ಎತ್ತರದ ಸ್ಥಾಯಿಯಲ್ಲಿರುತ್ತದೆ. ಆದರೆ ಗಾತ್ರ, ದಪ್ಪವೂ ಲೆಕ್ಕಕ್ಕೆ ಬರುತ್ತವೆ. ಇಡೀ ಡಬ್ಬಿಯಷ್ಟು ಅಲ್ಯೂಮಿನಿಯಂ ಇದ್ದರೆ ಅದೂ ಬೆಳ್ಳಿಯ ದನಿಯಲ್ಲೇ ಹಾಡುತ್ತದೆ. ಕಾಯಿಲನ್ನು ನೆಲದಿಂದ ಒಂದು ಗೇಣು ಮೇಲೆತ್ತಿ; ಆಗಲೂ ಸದ್ದು ಜೋರಾಗಿಯೇ ಇದ್ದರೆ ಅದು ಬಹುಪಾಲು ಡಬ್ಬಿ.

ಬಾಗಿದ, ತುಕ್ಕು ಹಿಡಿದ ಮೊಳೆಗಳೂ ಒಮ್ಮೊಮ್ಮೆ ಎತ್ತರದ ಸದ್ದು ಮಾಡಿ ಮೋಸಗೊಳಿಸುತ್ತವೆ. ನಿಂತಲ್ಲೇ ಕಾಲು ಸರಿಸಿ, ಅಡ್ಡ ದಿಕ್ಕಿನಿಂದ ಬೀಸಿ ನೋಡಿ. ಮಲಗಿರುವ ನಾಣ್ಯ ಎರಡೂ ದಿಕ್ಕಿನಿಂದ ಒಂದೇ ಮಾತು ಹೇಳುತ್ತದೆ, ಮೊಳೆ ಮಾತು ಬದಲಿಸುತ್ತದೆ. ಲೋಹದ ಈ ತಾಪತ್ರಯ ಇಂದಿನದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ದೇಹದಲ್ಲಿ ಉಳಿದ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕವನ್ನು ತಂದಿದ್ದ. ಅದು ಗುಂಡನ್ನು ಹಿಡಿಯಲಾರದೆ ಗೊಂದಲಕ್ಕೀಡಾಯಿತು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳ ಪಾತ್ರ ಅದರಲ್ಲಿತ್ತು.

ತೆಳುಕಾಸು: ಹಾಗಾದರೆ ತೀರಾ ತೆಳುವಾದ ಹಳೆಯ ಬೆಳ್ಳಿ ನಾಣ್ಯಗಳು?

ಸಂರಕ್ಷಕಿ: ತೆಳು ಅಲ್ಯೂಮಿನಿಯಂ ಹಾಳೆಯ ಚೂರು ಮಾಡುವಂಥ ತಗ್ಗಿನ ಸದ್ದಿನೊಳಗೆ ಅಡಗಿರುತ್ತವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬೆಳ್ಳಿಯ ಪೆನ್ನಿಯನ್ನೇ ಎರಡು, ನಾಲ್ಕು ತುಂಡು ಮಾಡಿ ಚಿಲ್ಲರೆಯಾಗಿ ಬಳಸುತ್ತಿದ್ದರು. ಅಂಥ ಕಾಲುಭಾಗದ ಚೂರಿಗೆ ಯಂತ್ರ ಕೆಮ್ಮಿದಷ್ಟೇ ಸದ್ದು. ಎತ್ತರದ ಸದ್ದಿಗೆ ಮಾತ್ರ ಅಗೆಯುವವರು ಅವನ್ನು ತುಳಿದು ಮುಂದೆ ಹೋಗುತ್ತಾರೆ.

ಹೊಳಪು: ಹಲ್ಲುಪುಡಿ ಅಥವಾ ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಕಪ್ಪು ಪೂರ್ತಿ ಹೋಗುತ್ತದೆ. ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ, ಬಿಸಿನೀರಿನ ವಿಧಾನವನ್ನೂ ಮಾಡಿದ್ದೇನೆ. ಕನ್ನಡಿಯಂತೆ ಹೊಳೆಯುತ್ತದೆ.

ಸಂರಕ್ಷಕಿ: ಈ ಸಾಲನ್ನು ಓದಿ ಕಣ್ಣು ಮುಚ್ಚಿಕೊಂಡೆ.

ದಯವಿಟ್ಟು ತಿಕ್ಕಬೇಡಿ. ಮಣ್ಣಿನಲ್ಲಿರುವ ಮರಳಿನ ಕಣಗಳು ಬಹುಪಾಲು ಸ್ಫಟಿಕಶಿಲೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಬೆಳ್ಳಿಯದು 3ನ್ನೂ ಮುಟ್ಟುವುದಿಲ್ಲ. ಗುಂಡಿಯ ಬಳಿ ಹೆಬ್ಬೆರಳಿನಿಂದ ಉಜ್ಜಿದರೂ ಅದು ಮರಳುಕಾಗದದಿಂದ ಉಜ್ಜಿದ ಹಾಗೆಯೇ. ಮೊದಲ ಬೆಳ್ಳಿಯವರೇ, ನಿಮಗೂ ಈ ಮಾತು ಸೇರಿದೆ. ಮುಖ ನೋಡಲೇಬೇಕೆಂಬ ಆ ಅರ್ಧ ನಿಮಿಷದ ತವಕದಲ್ಲಿ ಆದ ಗೀರನ್ನು ನನ್ನಂಥವರು ಎಷ್ಟು ವರ್ಷ ಕೆಲಸ ಮಾಡಿದರೂ ತೆಗೆಯಲಾಗುವುದಿಲ್ಲ.

ಬೆಳ್ಳಿಯ ಮೇಲಿನ ಕಪ್ಪು ಗಾಳಿಯ ಅಥವಾ ಮಣ್ಣಿನ ಗಂಧಕದೊಂದಿಗೆ ಬೆಳ್ಳಿಯೇ ಸೇರಿ ಆದ ಪದರ. ಎಂದರೆ ಆ ಕಪ್ಪಿನಲ್ಲಿ ನಾಣ್ಯದ ಹೊರಮೈಯೇ ಇದೆ. ಉಜ್ಜಿ ತೆಗೆದರೆ ನಾಣ್ಯದ ಮೈ ಹೋದಂತೆ. ಸೋಡಾ ವಿಧಾನ ಬೆಳ್ಳಿಯನ್ನು ವಾಪಸು ಕೂರಿಸುತ್ತದೆ ಎಂದು ವಾದಿಸುವವರಿದ್ದಾರೆ. ಅದು ಹೇಗೆ ಕೂರುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ: ಮಂಕಾದ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಮೈ. ಉಪ್ಪಿನಂಶದ ನೆಲದಲ್ಲಿದ್ದ ನಾಣ್ಯಗಳ ಕಥೆ ಇನ್ನೂ ನಾಜೂಕು. ಅವುಗಳ ಮೇಲೆ ಬೂದು ಅಥವಾ ನೇರಳೆ ಛಾಯೆಯ ಸಿಲ್ವರ್ ಕ್ಲೋರೈಡ್ ಪದರವಿದ್ದು, ಅಕ್ಷರಗಳು ಕೆಲವೊಮ್ಮೆ ಆ ಪದರದಲ್ಲಿ ಮಾತ್ರ ಉಳಿದಿರುತ್ತವೆ. ತಿಕ್ಕಿದರೆ ರಾಜನೂ ಇಲ್ಲ, ಇಸವಿಯೂ ಇಲ್ಲ.

ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಿರಿ. ಮಣ್ಣು ತಾನಾಗಿ ಸಡಿಲವಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಒರೆಸಬೇಡಿ. ಆಮೇಲೆ ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಪಿವಿಸಿ ಪ್ಲಾಸ್ಟಿಕ್ ತೊಟ್ಟೆ, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಸುಳಿಯಬಾರದು.

ಅನುಮಾನಿ: ಸಂಭ್ರಮವೆಲ್ಲ ಸರಿ. ಆದರೆ ಒಡೆಯರನ್ನು ಕೇಳಿಯೋ ಕೇಳದೆಯೋ ಅಗೆದು ಇತಿಹಾಸವನ್ನು ಜೇಬಿಗೆ ಹಾಕಿಕೊಳ್ಳುವ ಆಟವಲ್ಲವೇ ಇದು? ಪುರಾತತ್ವದವರು ನಿಮ್ಮನ್ನು ಕಂಡರೆ ಮುಖ ತಿರುಗಿಸುವುದು ಸುಮ್ಮನೆಯೇ?

ಸಂರಕ್ಷಕಿ: ಸುಮ್ಮನೆ ಅಲ್ಲ. ಕೇಳದೆ ಅಗೆಯುವವರ ಪರವಾಗಿ ನನ್ನ ಬಳಿ ಒಂದು ಮಾತೂ ಇಲ್ಲ. ಅವರು ತಂದ ಒಂದೊಂದೇ ನಾಣ್ಯಗಳು ನಮ್ಮ ಮೇಜಿಗೂ ಬರುತ್ತವೆ. ಎಲ್ಲಿಯದು, ಯಾವುದರ ಜೊತೆಗಿತ್ತು ಎಂದರೆ ಮೌನ.

ಹೀಗೂ ಆಗಬಹುದು, ಕೇಳಿ. 1992ರ ನವೆಂಬರ್ 16ರಂದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ಗೆಳೆಯ ಕಳೆದುಕೊಂಡಿದ್ದ ಸುತ್ತಿಗೆಯನ್ನು ಡಿಟೆಕ್ಟರ್‌ನಿಂದ ಹುಡುಕುತ್ತಿದ್ದರು. ಸಿಕ್ಕಿದ್ದು ಬೆಳ್ಳಿ ಚಮಚ, ಚಿನ್ನದ ಒಡವೆ, ನಾಣ್ಯಗಳು. ಅವರು ಸ್ವಲ್ಪ ಅಗೆದು ನಿಲ್ಲಿಸಿಬಿಟ್ಟರು! ವಿಷಯ ತಿಳಿಸಿದರು, ಮರುದಿನವೇ ಪುರಾತತ್ವಜ್ಞರು ಬಂದರು. ರೋಮನ್ನರ ಕಾಲದ ಸುಮಾರು 15,000 ನಾಣ್ಯಗಳು, ಅವುಗಳಲ್ಲಿ 14,000ಕ್ಕೂ ಹೆಚ್ಚು ಬೆಳ್ಳಿಯವು. ಅವರು ನಿಲ್ಲಿಸಿದ್ದರಿಂದ ಕೊಳೆತ ಮರದ ಪೆಟ್ಟಿಗೆಯ ಗುರುತು, ಪುಟ್ಟ ಬೀಗಗಳು, ಪಾತ್ರೆಗಳ ನಡುವೆ ತುರುಕಿದ್ದ ಹುಲ್ಲಿನ ಕುರುಹು ಕೂಡ ಉಳಿದವು. ಯಾರೋ ಆತುರಪಡದೆ, ಜೋಡಿಸಿ, ಮತ್ತೆ ಬರುವ ಭರವಸೆಯಿಂದ ಹೂತಿಟ್ಟಿದ್ದರು ಎಂಬುದು ತಿಳಿದದ್ದು ಆ ಹುಲ್ಲಿನಿಂದ, ನಾಣ್ಯಗಳಿಂದಲ್ಲ. ಆ ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವುಗಳ ಅಂಚನ್ನು ಹಿಂದೆಯೇ ಕತ್ತರಿಸಿ ಬೆಳ್ಳಿ ಕದ್ದಿದ್ದರು, ಚಕ್ರವರ್ತಿಯ ಮುಖವನ್ನು ಮಾತ್ರ ಮುಟ್ಟದೆ. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಅನುಮಾನಿ: ಸುತ್ತಿಗೆಯೂ? ಸರಿ, ಸ್ವಲ್ಪ ಮೆತ್ತಗಾದೆ. ಕಾನೂನು?

ಸಂರಕ್ಷಕಿ: ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಧಿ ಎನಿಸುವಂಥದ್ದು ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ವರದಿ ಮಾಡಬೇಕು. ಐರ್ಲೆಂಡಿನಲ್ಲಿ ಅನುಮತಿಯಿಲ್ಲದೆ ಪುರಾತನ ವಸ್ತುಗಳಿಗಾಗಿ ಡಿಟೆಕ್ಟರ್ ಬಳಸುವುದೇ ಅಪರಾಧ. ಸಂರಕ್ಷಿತ ಸ್ಮಾರಕಗಳ ಬಳಿ ಎಲ್ಲಿಯೂ ಸುಳಿಯಬೇಡಿ. ಯಂತ್ರ ಕೊಳ್ಳುವ ಮೊದಲು ನಿಮ್ಮಲ್ಲಿನ ನಿಯಮ ಓದಿ.

ಮೊದಲ ಬೆಳ್ಳಿ: ಮೇಡಂ, ಇವತ್ತು ಒಡೆಯರ ಜೊತೆಯೇ ಮತ್ತೆ ಹೋಗಿ ಗುಂಡಿ ತೆರೆದೆ. ತೂಕ 28 ಗ್ರಾಂ ಬಂತು, ಅಂಚಿನಲ್ಲಿ ಅಕ್ಷರಗಳೂ ಇವೆ. ಗುಂಡಿಯ ಗೋಡೆಯಲ್ಲಿ, ನಾಣ್ಯ ಇದ್ದ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ, ತಂಪು ಪಾನೀಯದ ಡಬ್ಬಿಯ ಎಳೆಯುವ ಕೊಂಡಿ ಸಿಕ್ಕಿತು. ಅಲ್ಯೂಮಿನಿಯಂ. ಮನಸ್ಸು ಸ್ವಲ್ಪ ಕುಗ್ಗಿತು.

ಸಂರಕ್ಷಕಿ: ಕುಗ್ಗುವುದೇಕೆ? ಇದು ಬಹಳ ಒಳ್ಳೆಯ ಸುದ್ದಿ. ಕಿತ್ತು ಬಿಸಾಡುವ ಆ ಕೊಂಡಿ ಬಂದದ್ದು 1960ರ ದಶಕದಲ್ಲಿ. ನೆಲ ಉಳುಮೆ ಕಂಡಿಲ್ಲ ಎನ್ನುತ್ತೀರಿ. ಹಾಗಿದ್ದರೆ ನಿಮ್ಮ ರಾಣಿ ಮಣ್ಣಿಗಿಳಿದದ್ದು ಬಹುಶಃ ಆಮೇಲೆ. ಬಹುಶಃ ಎನ್ನುತ್ತಿದ್ದೇನೆ, ಏಕೆಂದರೆ ಇಲಿಯ ಬಿಲ, ಬೇರು, ಎರೆಹುಳು ಎಲ್ಲವೂ ವಸ್ತುಗಳನ್ನು ಸರಿಸುತ್ತವೆ. ಎರೆಹುಳುಗಳು ಮಣ್ಣನ್ನು ಮೇಲೆ ತಂದು ಹಾಕುತ್ತ ನೆಲದ ಮೇಲಿನ ವಸ್ತುಗಳನ್ನು ನಿಧಾನವಾಗಿ ಕೆಳಗಿಳಿಸುವುದನ್ನು ಡಾರ್ವಿನ್ ಅಳೆದು ನೋಡಿದ್ದ. ಆದ್ದರಿಂದ ಬರಿಯ ಆಳದಿಂದ ವಯಸ್ಸು ಹೇಳಲಾಗದು. ಯಾವುದರ ಮೇಲೆ ಯಾವುದು ಇತ್ತು ಎಂಬುದು ಮುಖ್ಯ. ಅಲ್ಲಿ ಹಿಂದೆ ಯಾರಿದ್ದರು, ಯಾರ ಕೊರಳ ಸರದಲ್ಲಿ ಥೇಲರ್ ಇತ್ತು ಎಂದು ಒಡೆಯರನ್ನು ಕೇಳಿ. ನಾಣ್ಯಕ್ಕೆ ತೂತೋ, ಸರಕ್ಕೆ ಪೋಣಿಸಲು ಹಾಕಿದ ಬಳೆಯ ಗುರುತೋ ಇದೆಯೇ ನೋಡಿ. ಈ ನಾಣ್ಯಗಳನ್ನು ಒಡವೆಯಾಗಿ ಧರಿಸುವವರಿದ್ದರು. ಕೊಂಡಿಯನ್ನೂ ನಾಣ್ಯದ ಲಕೋಟೆಯ ಜೊತೆಯಲ್ಲೇ ಇಡಿ, ಆಳ ಬರೆದು.

ಮೊದಲ ಬೆಳ್ಳಿ: ನಾಣ್ಯದ ತಲೆಯ ಮೇಲೆ, ಅಂಚಿನಲ್ಲಿ, ಬೆಸುಗೆ ಹಾಕಿ ಕಿತ್ತಂಥ ಸಣ್ಣ ಉಬ್ಬು ಇದೆ! ಒಡೆಯರು ತಮ್ಮ ಅಜ್ಜಿಯ ಸರದ ಬಗ್ಗೆ ಏನೋ ಹೇಳತೊಡಗಿದ್ದಾರೆ, ನಾಣ್ಯ ಅವರಿಗೇ ಸೇರಬೇಕೇನೋ. ಆದರೆ ಮೇಡಂ, ಕೊಂಡಿಯನ್ನು ಅಲ್ಲೇ ಬೇಲಿಯಾಚೆ ಎಸೆದುಬಿಟ್ಟೆ.

ಸಂರಕ್ಷಕಿ: ಹುಡುಕಿ. ಯಂತ್ರ ಕೈಯಲ್ಲೇ ಇದೆಯಲ್ಲ.