ಅಪ್ಪ ಅಮ್ಮನೊಂದಿಗೆ ಪ್ರಾಗ್‌ಗೆ: ಹೋಗಿ ಬಂದವರು ಹೇಳಿದ್ದು

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಜೆಕ್ ರಾಜಧಾನಿ ಪ್ರಾಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಾಲ್ಕು ದಿನ ಇರುತ್ತೇವೆ. ಅಮ್ಮನಿಗೆ ಮಂಡಿನೋವು, ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ನೋಡಲೇಬೇಕಾದ ಹತ್ತು ಸ್ಥಳಗಳ ಪಟ್ಟಿ ನನ್ನ ಬಳಿಯೂ ಇದೆ. ವಯಸ್ಸಾದವರನ್ನು ಕರೆದೊಯ್ದವರು ಹೇಗೆ ನಿಭಾಯಿಸಿದಿರಿ, ಅದನ್ನು ಹೇಳಿ.

ಮೈಸೂರಿನಿಂದ: ನಾವು ಅತ್ತೆ ಮಾವನೊಂದಿಗೆ ಹೋಗಿದ್ದೆವು. ಮೊದಲ ತಪ್ಪು ಮಾಡಿದ್ದು ಚಪ್ಪಲಿಯ ವಿಷಯದಲ್ಲಿ. ಹಳೆಯ ಊರಿನ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ತೆಳು ಅಟ್ಟೆಯ ಚಪ್ಪಲಿಯಲ್ಲಿ ಓಡಾಡಿದ ಅತ್ತೆಗೆ ಸಂಜೆಯ ಹೊತ್ತಿಗೆ ಪಾದ ಊರಲಾಗಲಿಲ್ಲ. ಮರುದಿನ ವೆನ್ಸೆಸ್ಲಾಸ್ ಚೌಕದ ಬಾಟಾ ಅಂಗಡಿಗೆ ಕರೆದುಕೊಂಡು ಹೋದೆ. "ನಮ್ಮ ಬಾಟಾ ಇಲ್ಲಿಯೂ ಇದೆಯಾ!" ಎಂದರು. ಬಾಟಾ ಹುಟ್ಟಿದ್ದೇ ಆ ದೇಶದ ಜ್ಲೀನ್ ಎಂಬ ಊರಿನಲ್ಲಿ, 1894ರಲ್ಲಿ, ಎಂದರೆ ಅವರು ಇಂದಿಗೂ ನಂಬಿಲ್ಲ.

ಅರಮನೆ ಇರುವುದು ಗುಡ್ಡದ ಮೇಲೆ. ನಡೆದು ಹತ್ತಬೇಡಿ. 22ನೇ ನಂಬರಿನ ಟ್ರಾಮ್‌ನಲ್ಲಿ ಪೊಹೊರ್ಜೆಲೆತ್ಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಅರಮನೆ ನೋಡಿಕೊಂಡು ನೆರುಡೋವಾ ಬೀದಿಯಲ್ಲಿ ನಿಧಾನವಾಗಿ ಇಳಿದು ಬನ್ನಿ. 1770ರಲ್ಲಿ ಮನೆಗಳಿಗೆ ನಂಬರು ಬರುವವರೆಗೂ ಅಲ್ಲಿ ವಿಳಾಸವೆಂದರೆ ಬಾಗಿಲ ಮೇಲಿನ ಗುರುತು: ಮೂರು ಪಿಟೀಲು, ಎರಡು ಸೂರ್ಯ, ಕೆಂಪು ಕುರಿಮರಿ. ಮಾವ ಒಂದೊಂದು ಬಾಗಿಲ ಮುಂದೆಯೂ ನಿಂತು ಎಣಿಸಿದರು.

ಅಲ್ಲಿ ಎರಡು ವರ್ಷ ಓದಿದವಳು: ಮೇಲಿನವರು ಹೇಳಿದ ಬೀದಿ ಚೆಂದ, ಆದರೆ ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅದೂ ಕಲ್ಲುಹಾಸಿನ ಇಳಿಜಾರು. ಅದೇ 22ರಲ್ಲಿ ಪ್ರಾಜ್ಸ್ಕೀ ಹ್ರಾಡ್ ನಿಲ್ದಾಣಕ್ಕೆ ಇಳಿಯಿರಿ. ಅಲ್ಲಿಂದ ಉತ್ತರದ ಬಾಗಿಲಿಗೆ ಹೆಚ್ಚು ಏರಿಳಿತವಿಲ್ಲದ ದಾರಿ, ಐದು ನಿಮಿಷ ಸಾಕು. ಒಳಗಿನ ಸೇಂಟ್ ವೀಟಸ್ ಚರ್ಚನ್ನು 1344ರಲ್ಲಿ ಆರಂಭಿಸಿ 1929ರಲ್ಲಿ ಮುಗಿಸಿದರು. ನಮ್ಮ ಮೇಲ್ಸೇತುವೆಗಳನ್ನು ಬೈಯುವ ಮುನ್ನ ಇದನ್ನೊಮ್ಮೆ ನೆನೆಯಬಹುದು. ನೋಡಿಯಾದ ಮೇಲೆ ಬಂದ ದಾರಿಯಲ್ಲೇ ಟ್ರಾಮ್‌ಗೆ ಮರಳಿ.

ಮೆಟ್ರೋ ಬಗ್ಗೆಯೂ ಎಚ್ಚರ. ನಾಮ್ಯೆಸ್ತೀ ಮೀರು ನಿಲ್ದಾಣ 53 ಮೀಟರ್ ಆಳದಲ್ಲಿದೆ, ಎಸ್ಕಲೇಟರ್ 87 ಮೀಟರ್ ಉದ್ದ. ಕೆಳಗೆ ನೋಡಿದರೆ ನನಗೇ ತಲೆ ತಿರುಗುತ್ತಿತ್ತು. ಟ್ರಾಮ್ ಆದರೆ ಊರನ್ನೂ ನೋಡಿದಂತಾಗುತ್ತದೆ. ಕಾಗದದ ಟಿಕೆಟ್ ಕೊಂಡರೆ ಹಳದಿ ಯಂತ್ರದಲ್ಲಿ ಒಮ್ಮೆ ಮುದ್ರೆ ಹಾಕಿಸಲೇಬೇಕು. ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ.

ಇನ್ನೊಂದು ಮಾತು. ಪ್ರತಿ ಮನೆಗೂ ಎರಡು ನಂಬರಿನ ಫಲಕಗಳಿರುತ್ತವೆ. ಕೆಂಪು ಫಲಕದ್ದು ಆ ಬಡಾವಣೆಯ ದಾಖಲೆಯಲ್ಲಿ ಕಟ್ಟಡಕ್ಕಿರುವ ನಂಬರು, ನೀಲಿಯದ್ದು ಬೀದಿಯಲ್ಲಿನ ಸರದಿ ನಂಬರು. ಬಾಗಿಲು ಹುಡುಕುವಾಗ ನೀಲಿಯನ್ನೇ ನೋಡಿ. ನಾನು ಮೊದಲ ರಾತ್ರಿ ಕೆಂಪನ್ನು ನಂಬಿ, ಎರಡು ಪೆಟ್ಟಿಗೆ ಎಳೆದುಕೊಂಡು ಇಡೀ ಬೀದಿ ಸುತ್ತಿದ್ದೇನೆ.

ಹುಬ್ಬಳ್ಳಿಯಿಂದ: ಹಳೆಯ ಪುರಭವನದ ಗಡಿಯಾರಕ್ಕಾಗಿ ಗುಂಪಿನಲ್ಲಿ ನಿಂತು ಕಾಯಬೇಡಿ. ಗಂಟೆ ಹೊಡೆದಾಗ ಕಿಟಕಿ ತೆರೆದು ಗೊಂಬೆಗಳು ಸುತ್ತು ಹಾಕುತ್ತವೆ, ಅಷ್ಟರಲ್ಲಿ ಮುಗಿಯುತ್ತದೆ. ಚಾರ್ಲ್ಸ್ ಸೇತುವೆಗೆ ಹೋಗಿ.

ಶಿವಮೊಗ್ಗದಿಂದ: ಗೊಂಬೆಗಳ ಮಾತು ನಿಜ, ಆದರೆ ಗಡಿಯಾರವನ್ನು ಬಿಡಬೇಡಿ. 1410ರ ಆ ಯಂತ್ರದ ಮುಖದಲ್ಲಿ ಹನ್ನೆರಡು ರಾಶಿಗಳ ಚಕ್ರವಿದೆ. ನಾವು ಹೋದದ್ದು ಮೇ ಕೊನೆಯ ವಾರ. ಗಡಿಯಾರದ ಸೂರ್ಯ ಮಿಥುನದಲ್ಲಿದ್ದ, ನಮ್ಮ ತಂದೆಯವರ ಪಂಚಾಂಗದ ಸೂರ್ಯ ಇನ್ನೂ ವೃಷಭದಲ್ಲಿದ್ದ. "ಇವರು ಅಯನಾಂಶ ಕಳೆದಿಲ್ಲ" ಎಂದು ತಂದೆ ತೀರ್ಪು ಕೊಟ್ಟರು; ಅವರ ರಾಶಿಚಕ್ರಕ್ಕೂ ನಮ್ಮದಕ್ಕೂ ಇರುವ ಅಂತರವೇ ಅಯನಾಂಶ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿರುವುದನ್ನು ಕಂಡು, ರಾಹುಕಾಲವನ್ನೂ ಹೀಗೆಯೇ ಹಗಲನ್ನು ಭಾಗಿಸಿ ತೆಗೆಯುವುದು ಎಂದು ಅರ್ಧ ಗಂಟೆ ಪಾಠ ಮಾಡಿದರು. ಗೋಪುರದ ಮೇಲೆ ಹೋಗಲು ಲಿಫ್ಟ್ ಇದೆ.

ಚಾರ್ಲ್ಸ್ ಸೇತುವೆಯ ಮುಹೂರ್ತದ ಕಥೆಯನ್ನೂ ಅವರಿಗೆ ಹೇಳಿ. ನಾಲ್ಕನೇ ಚಾರ್ಲ್ಸ್ ದೊರೆ ಅಡಿಗಲ್ಲು ಇಟ್ಟದ್ದು 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಗ್ಗೆ 5.31ಕ್ಕೆ ಎಂಬ ಪ್ರತೀತಿ ಇದೆ. ಅಂಕಿಗಳನ್ನು ಸಾಲಾಗಿ ಬರೆದರೆ 1-3-5-7-9-7-5-3-1. ಸೂರ್ಯ ಹುಟ್ಟುವ ಹೊತ್ತಿಗೆ ಹೋದರೆ ಮೂವತ್ತು ವಿಗ್ರಹಗಳನ್ನೂ ಯಾರ ಬೆನ್ನೂ ಅಡ್ಡ ಬರದಂತೆ ನೋಡಬಹುದು.

ಅಲ್ಲಿ ಎರಡು ವರ್ಷ ಓದಿದವಳು: ಊಟದ ವಿಷಯ ಯಾರೂ ಹೇಳಲಿಲ್ಲ. 'ಬೆಜ್ ಮಸಾ' ಎಂದರೆ ಮಾಂಸವಿಲ್ಲದ್ದು, 'ಬೆಜ್ ವಯೆತ್ಸ್' ಎಂದರೆ ಮೊಟ್ಟೆಯಿಲ್ಲದ್ದು. ಎರಡನ್ನೂ ಬರೆದಿಟ್ಟುಕೊಳ್ಳಿ. ಸಸ್ಯಾಹಾರಿ ಎಂದು ಕೊಡುವ ಕರಿದ ಚೀಸ್‌ನ ಹೊದಿಕೆಯಲ್ಲಿ ಮೊಟ್ಟೆ, ಆಲೂಗಡ್ಡೆ ದೋಸೆಯಂಥ ಬ್ರಾಂಬೊರಾಕ್‌ನಲ್ಲೂ ಮೊಟ್ಟೆ. ಇಡೀ ಹಣ್ಣನ್ನು ಒಳಗಿಟ್ಟು ಬೇಯಿಸಿ, ಬೆಣ್ಣೆ ಸುರಿದು ಗಸಗಸೆ ಉದುರಿಸುವ ಕಡುಬೊಂದಿದೆ. ನೋಡಿದರೆ ನಮ್ಮದೇ ಅನ್ನಿಸುತ್ತದೆ, ಆದರೆ ಕೇಳದೆ ತಿನ್ನಿಸಬೇಡಿ. ಅಡುಗೆಮನೆ ಇರುವ ವಸತಿ ಹಿಡಿಯುವುದೇ ಕ್ಷೇಮ.

ಕೇಳಿದವರು: ಎಲ್ಲರಿಗೂ ಧನ್ಯವಾದ. ವಸತಿ ಬದಲಾಯಿಸಿದೆ. ಗಡಿಯಾರದ ಚಿತ್ರ ತೋರಿಸಿದ್ದಕ್ಕೆ ಅಪ್ಪ ಪಂಚಾಂಗವನ್ನು ಈಗಲೇ ಪೆಟ್ಟಿಗೆಗೆ ಹಾಕಿದ್ದಾರೆ. ಅಮ್ಮನ ಪ್ರಶ್ನೆ ಒಂದೇ: ಕುಕ್ಕರ್ ಒಯ್ಯಬೇಕೇ?

ಮೈಸೂರಿನಿಂದ: ಚಿಕ್ಕದೊಂದು ಇರಲಿ. ತಳ ಇಂಡಕ್ಷನ್ ಒಲೆಗೆ ಆಗುವಂಥದ್ದೇ ನೋಡಿಕೊಳ್ಳಿ. ನಾವು ಒಯ್ದ ಅಲ್ಯೂಮಿನಿಯಂ ಕುಕ್ಕರ್ ನಾಲ್ಕು ದಿನವೂ ಕಪಾಟಿನಲ್ಲೇ ಕುಳಿತಿತ್ತು.