ಹವಳವನ್ನೇ ಕೆರೆಯುವ ಮೀನು ಹವಳದ ದಿಬ್ಬವನ್ನು ಉಳಿಸುವುದು ಹೇಗೆ?

ಜೀವಶಾಸ್ತ್ರದ_ಮೇಷ್ಟ್ರು:
ಪಾಚಿ ತಿನ್ನುವ ಮೀನುಗಳು ಹವಳದ ದಿಬ್ಬಗಳನ್ನು ಕಾಪಾಡುತ್ತವೆ ಎಂದು ಪಿಯುಸಿ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಆದರೆ ಅವುಗಳಲ್ಲೇ ಪ್ರಮುಖವಾದ ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲುಗಳಿಂದ ದಿಬ್ಬವನ್ನೇ ಕೆರೆದು ಪುಡಿ ಮಾಡುತ್ತದೆ. ಹಾಗಿದ್ದರೆ ಅದನ್ನು ರಕ್ಷಕ ಎನ್ನುವುದು ಎಷ್ಟು ಸರಿ? ಅಲ್ಲದೆ, ಪಾಚಿ ತಿನ್ನುವ ಜಾತಿಗಳು ಹತ್ತಾರು ಇರುವಾಗ ಒಂದು ಕಡಿಮೆಯಾದರೆ ಇನ್ನೊಂದು ಆ ಕೆಲಸವನ್ನು ವಹಿಸಿಕೊಳ್ಳುವುದಿಲ್ಲವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ತೆಂಕಣಗಾಳಿ:
ಮೇಷ್ಟ್ರೇ, ತಮ್ಮ ಎರಡನೆಯ ಪ್ರಶ್ನೆಯಿಂದ ತೊಡಗುತ್ತೇನೆ, ಏಕೆಂದರೆ ಅದಕ್ಕೆ ಜಮೈಕಾದ ಕಡಲೇ ಉತ್ತರ ಕೊಟ್ಟಿದೆ. ಅಲ್ಲಿ ದಶಕಗಳ ಅತಿಯಾದ ಮೀನುಗಾರಿಕೆಯಿಂದ ದೊಡ್ಡ ಗಿಳಿಮೀನುಗಳೂ ಪಾಚಿ ತಿನ್ನುವ ಇನ್ನೊಂದು ಬಗೆಯಾದ ಸರ್ಜನ್ ಮೀನುಗಳೂ ಬಹುಪಾಲು ಖಾಲಿಯಾಗಿದ್ದವು. ಆದರೂ ದಿಬ್ಬಗಳು ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದವು. ಡಯಡೆಮಾ ಎಂಬ ಉದ್ದ ಮುಳ್ಳಿನ ಕಪ್ಪು ಕಡಲ ಅರ್ಚಿನ್ (ಪಾಚಿ ಮೇಯುವ, ಚೆಂಡಿನಾಕಾರದ ಮುಳ್ಳುಜೀವಿ; ಮೀನಲ್ಲ), ಮೀನುಗಳ ಕೆಲಸವನ್ನೂ ತಾನೇ ಮಾಡುತ್ತಿತ್ತು. 1980ರಲ್ಲಿ ಅಲೆನ್ ಚಂಡಮಾರುತವು ಹವಳಗಳನ್ನು ಮುರಿದುಹಾಕಿದಾಗಲೂ, ಅರ್ಚಿನ್‌ಗಳು ಪಾಚಿಯನ್ನು ತಡೆಹಿಡಿದಿದ್ದರಿಂದ ಹೊಸ ಹವಳಗಳು ನೆಲೆಯೂರತೊಡಗಿದ್ದವು. 1983ರಲ್ಲಿ ರೋಗವೊಂದು ಕೆರಿಬಿಯನ್ ಕಡಲಿನುದ್ದಕ್ಕೂ ಹರಡಿ ಆ ಅರ್ಚಿನ್‌ಗಳನ್ನು ಹೆಚ್ಚುಕಡಿಮೆ ನಿರ್ನಾಮ ಮಾಡಿತು. ಆ ಜಾಗವನ್ನು ತುಂಬಲು ಮೀನುಗಳು ಉಳಿದಿರಲಿಲ್ಲ. 1970ರ ದಶಕದ ಕೊನೆಯಲ್ಲಿ 50%ಕ್ಕಿಂತ ಹೆಚ್ಚಿದ್ದ ಜೀವಂತ ಹವಳದ ಹೊದಿಕೆ 1990ರ ದಶಕದ ಆರಂಭದ ಹೊತ್ತಿಗೆ 5%ಕ್ಕಿಂತ ಕೆಳಗಿಳಿಯಿತು. ಸುಮಾರು 4% ಇದ್ದ ದೊಡ್ಡ ಪಾಚಿಗಳು 90% ದಾಟಿದವು.

ಒಂದು ಜೀವಿ ಇನ್ನೊಂದರ ಬದಲಿಗೆ ದುಡಿಯಬಲ್ಲದು ಎಂಬ ತಮ್ಮ ಊಹೆ ತಪ್ಪೇನಲ್ಲ. ಆದರೆ ಹಾಗೆ ದುಡಿಯುತ್ತಿರುವಷ್ಟು ಕಾಲ ಮೊದಲನೆಯದರ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದೇ ಇಲ್ಲಿನ ಅಪಾಯ.

ಉಬ್ಬರ_ಇಳಿತ:
ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ. ಗಿಳಿಮೀನು ಕೆರೆಯುವುದು ಹೆಚ್ಚಾಗಿ ಸತ್ತ ಹವಳದ ಮೇಲ್ಮೈಯನ್ನು. ಅಲ್ಲಿರುವ ಗಿಡ್ಡ ಪಾಚಿ ಮತ್ತು ಸೂಕ್ಷ್ಮಜೀವಿಗಳ ಪದರದ ಜೊತೆಗೆ ಸುಣ್ಣಕಲ್ಲೂ ಅದರ ಬಾಯಿಗೆ ಬರುತ್ತದೆ. ಗಂಟಲಿನಲ್ಲಿರುವ ಎರಡನೆಯ ದವಡೆ ಅದನ್ನು ಅರೆಯುತ್ತದೆ, ಜೀರ್ಣವಾಗದ ಸುಣ್ಣ ಮರಳಾಗಿ ಹೊರಬೀಳುತ್ತದೆ. ಹೀಗೆ ಬರಿದಾದ ಗಟ್ಟಿ ಜಾಗದಲ್ಲಿಯೇ ತೇಲುತ್ತ ಬರುವ ಹವಳದ ಮರಿ ಅಂಟಿಕೊಂಡು ಬೆಳೆಯಲು ಸಾಧ್ಯ. ಪಾಚಿಯೂ ಅದರಲ್ಲಿ ಸಿಕ್ಕಿಕೊಳ್ಳುವ ಹೂಳೂ ತುಂಬಿದ ಕಲ್ಲಿನ ಮೇಲೆ ಅದಕ್ಕೆ ನೆಲೆಯಿಲ್ಲ. ಹಾಗೆಂದು ಗಿಳಿಮೀನುಗಳೆಲ್ಲ ಸಾಧುಗಳೆಂದು ನಾನು ವಾದಿಸುವುದಿಲ್ಲ. ಹಣೆಯುಬ್ಬಿದ ದೈತ್ಯ ಗಿಳಿಮೀನು ವರ್ಷಕ್ಕೆ 5 ಟನ್ನಿಗೂ ಹೆಚ್ಚು ಸುಣ್ಣಕಲ್ಲನ್ನು ಕಬಳಿಸುತ್ತದೆ, ಅದರಲ್ಲಿ ಜೀವಂತ ಹವಳದ ಪಾಲು ಸಣ್ಣದೇನಲ್ಲ.

‘ಸಸ್ಯಾಹಾರಿ ಮೀನು’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಗೋಮಾಳದಲ್ಲಿ ದನಗಳು ಹುಲ್ಲನ್ನು ಗಿಡ್ಡವಾಗಿ ಇಡಬಲ್ಲವು, ಆದರೆ ಒಮ್ಮೆ ಲಂಟಾನ ಎದ್ದು ನಿಂತರೆ ಅದನ್ನು ಅವು ಮೂಸಿಯೂ ನೋಡುವುದಿಲ್ಲ, ಕಡಲಿನಲ್ಲೂ ಹೀಗೆಯೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಆರ್ಫಿಯಸ್ ದ್ವೀಪದ ಬಳಿ ವಿಜ್ಞಾನಿಗಳು ದೊಡ್ಡ ಮೀನುಗಳು ಒಳಬಾರದಂತೆ ಸುಮಾರು ಮೂರು ವರ್ಷ ಬಲೆಪಂಜರ ಕಟ್ಟಿದ್ದರು. ಒಳಗೆ ಸರ್ಗಾಸಮ್ ಪಾಚಿ ಕಾಡಿನಂತೆ ಬೆಳೆಯಿತು. ಪಂಜರ ತೆಗೆದು ನೀರಡಿಯ ಕ್ಯಾಮೆರಾ ಇಟ್ಟಾಗ, ಗಿಳಿಮೀನುಗಳೂ ಸರ್ಜನ್ ಮೀನುಗಳೂ ಆ ಕಾಡನ್ನು ಕಡಿಮೆ ಮಾಡುವುದರಲ್ಲಿ ಹೇಳಿಕೊಳ್ಳುವಂಥ ಪಾತ್ರವನ್ನೇ ವಹಿಸಲಿಲ್ಲ. ಅದನ್ನು ಕೆಲವೇ ವಾರಗಳಲ್ಲಿ ಮುಗಿಸಿದ್ದು ಮುಖ್ಯವಾಗಿ ಬ್ಯಾಟ್‌ಫಿಶ್, ಅಂದರೆ ಅಲ್ಲಿಯವರೆಗೆ ಬೆನ್ನೆಲುಬಿಲ್ಲದ ಸಣ್ಣ ಜೀವಿಗಳನ್ನು ತಿನ್ನುವುದೆಂದು ಎಲ್ಲರೂ ನಂಬಿದ್ದ ಮೀನು! 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ತಾವು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಮರೆಯಲಾರರು.

ದ್ವೀಪವಾಸಿ:
ಮೇಲಿನ ಇಬ್ಬರ ಮಾತುಗಳನ್ನು ಒಪ್ಪುತ್ತಲೇ ಒಂದು ತಕರಾರು. ಬಿಸಿಯಾದ ನೀರಿನಲ್ಲಿ ಹವಳ ಬಿಳಿಚಿ ಸಾಯುವುದನ್ನು ಯಾವ ಮೀನೂ ತಡೆಯಲಾರದು. ಲಕ್ಷದ್ವೀಪದಲ್ಲಿ ಮೀನುಗಾರಿಕೆ ಬಹುಕಾಲ ಗಾಳದ ಕೋಲಿನಿಂದ ಟ್ಯೂನಾ ಹಿಡಿಯುವುದನ್ನೇ ನೆಚ್ಚಿಕೊಂಡಿತ್ತು, ಆದ್ದರಿಂದ ದಿಬ್ಬದ ಮೀನುಗಳ ಮೇಲೆ ಒತ್ತಡ ಕಡಿಮೆಯಿತ್ತು. 1998ರ ಬಿಳಿಚುವಿಕೆಯ ನಂತರ ಅಲ್ಲಿ ಜಮೈಕಾದಂತೆ ಪಾಚಿ ಆವರಿಸದೆ, ಹಲವೆಡೆ ಹವಳ ಚೇತರಿಸಿಕೊಂಡದ್ದಕ್ಕೆ ಇದೊಂದು ಕಾರಣ. ಆದರೂ 2010 ಮತ್ತು 2016ರಲ್ಲಿ ಮತ್ತೆ ಶಾಖದ ಹೊಡೆತ ಬಿತ್ತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕದ್ಮತ್ ಮತ್ತು ಕವರತ್ತಿಯಲ್ಲಿ ನಡೆಸಿದ ದೀರ್ಘ ಅಧ್ಯಯನದ ಪ್ರಕಾರ, 1998ರಲ್ಲಿ ಸುಮಾರು 37% ಇದ್ದ ಹವಳದ ಹೊದಿಕೆ 2022ರ ಹೊತ್ತಿಗೆ 20%ಕ್ಕಿಂತ ಕೆಳಗಿಳಿದಿದೆ. ಮೀನು ಜಾಗವನ್ನು ಸ್ವಚ್ಛವಾಗಿಡಬಹುದು, ಆದರೆ ಅಲ್ಲಿ ಹವಳ ಬೆಳೆಯಲು ಎರಡು ಹೊಡೆತಗಳ ನಡುವೆ ಸಾಕಷ್ಟು ವರ್ಷಗಳ ಬಿಡುವು ಬೇಕು.

ಜೀವಶಾಸ್ತ್ರದ_ಮೇಷ್ಟ್ರು:
ಮೂವರಿಗೂ ಧನ್ಯವಾದಗಳು. ಹಾಗಾದರೆ ಮೀನುಗಳಿಗೆಂದೇ ಕಾನೂನು ಮಾಡಿದ ದೇಶಗಳು ಇವೆಯೇ, ಅಥವಾ ಇದೆಲ್ಲ ಪುಸ್ತಕದಲ್ಲೇ ಉಳಿದಿದೆಯೇ?

ತೆಂಕಣಗಾಳಿ:
ಇವೆ. ಬೆಲೀಜ್ 2009ರಲ್ಲಿ ಗಿಳಿಮೀನು ಮತ್ತು ಸರ್ಜನ್ ಮೀನುಗಳನ್ನು ಹಿಡಿಯುವುದನ್ನು ನಿಷೇಧಿಸಿತು, ಬೊನೇರ್ ದ್ವೀಪವು 2010ರಲ್ಲಿ ಗಿಳಿಮೀನುಗಳ ಮಟ್ಟಿಗೆ ಇದೇ ದಾರಿ ಹಿಡಿಯಿತು. ದ್ವೀಪವಾಸಿಯವರ ತಕರಾರು ಈ ಕಾನೂನುಗಳಿಗೂ ಅನ್ವಯಿಸುತ್ತದೆ. ಆದರೂ ಸಮುದ್ರದ ಶಾಖವನ್ನು ಒಂದು ಸಣ್ಣ ದೇಶ ಇಳಿಸಲಾರದು. ತನ್ನ ಬಲೆಗಳಿಗೆ ಏನು ಬೀಳಬೇಕು, ಏನು ಬೀಳಬಾರದು ಎಂಬುದನ್ನು ಮಾತ್ರ ಅದು ತಾನೇ ತೀರ್ಮಾನಿಸಬಹುದು.