ಕೊಲೊರಾಡೊ ಲಾಟರಿ ದುಡ್ಡು ಪಾರ್ಕು, ಟ್ರೇಲು, ಬಯಲಿಗೆ ತಲುಪುವುದು ಹೇಗೆ? ಸಣ್ಣ ಊರು ಎಲ್ಲಿಂದ ಶುರು ಮಾಡಬೇಕು?

ಹಳ್ಳದದಂಡೆ ಕೇಳಿದ್ದು:

ಕೊಲೊರಾಡೊದ ಸುಮಾರು 6,000 ಜನರ ಊರು. ಪಾರ್ಕ್ ಸಮಿತಿಯ ಮುಂದೆ ಮೂರು ಕೆಲಸಗಳಿವೆ: ಹಳೆಯ ಆಟದ ಅಂಗಳವನ್ನು ಹೊಸದು ಮಾಡುವುದು, ಹಳ್ಳದ ಪಕ್ಕದಲ್ಲಿ ಒಂದೂವರೆ ಮೈಲಿ ಟ್ರೇಲ್ (ನಡೆದಾಡುವ ದಾರಿ) ಹಾಕುವುದು, ಊರಂಚಿನ ಖಾಸಗಿ ಹುಲ್ಲುಗಾವಲು ಸೈಟುಗಳಾಗಿ ಹಂಚಿಹೋಗದಂತೆ ಉಳಿಸಿಕೊಳ್ಳುವುದು. ಮೂರಕ್ಕೂ "ಲಾಟರಿ ದುಡ್ಡಿದೆಯಲ್ಲ" ಎಂಬ ಒಂದೇ ಉತ್ತರ ಬರುತ್ತಿದೆ. ತಾನಾಗಿ ಬರುವುದು ಯಾವುದು, ಅರ್ಜಿ ಹಾಕಿ ಪಡೆಯಬೇಕಾದದ್ದು ಯಾವುದು? ಬಜೆಟ್ಟಿನಲ್ಲಿ ಎಷ್ಟು ಬರೆದುಕೊಳ್ಳಬಹುದು? ರಾಜ್ಯದ ಖಜಾನೆ ಬರಿದಾದಾಗ ಶಾಸಕರು ಈ ದುಡ್ಡಿಗೆ ಕೈ ಹಾಕಲು ಸಾಧ್ಯವೇ?

ಲೆಕ್ಕದಪುಸ್ತಕ:

ಮೊದಲು ದುಡ್ಡಿನ ದಾರಿ ನೋಡಿ. ಲಾಟರಿಗೆ ಮತದಾರರು ಒಪ್ಪಿಗೆ ಕೊಟ್ಟಿದ್ದು 1980ರಲ್ಲಿ, ಟಿಕೆಟ್ ಮಾರಾಟ ಶುರುವಾಗಿದ್ದು 1983ರ ಜನವರಿಯಲ್ಲಿ. ಆರಂಭದ ವರ್ಷಗಳಲ್ಲಿ ದೊಡ್ಡ ಪಾಲು ಜೈಲು ಸೇರಿದಂತೆ ಸರ್ಕಾರಿ ಕಟ್ಟಡಗಳಿಗೆ ಹೋಗುತ್ತಿತ್ತು. ಅದಕ್ಕೆ ತಡೆ ಬಿದ್ದದ್ದು 1992ರ ಗ್ರೇಟ್ ಔಟ್‌ಡೋರ್ಸ್ ಕೊಲೊರಾಡೊ ತಿದ್ದುಪಡಿಯಿಂದ. ಅದರಿಂದ ಹುಟ್ಟಿದ, ಅನುದಾನ ಕೊಡುವ ಮಂಡಳಿಯನ್ನೇ ಎಲ್ಲರೂ ಗೋಕೋ ಎನ್ನುವುದು. ಆ ತಿದ್ದುಪಡಿ ಈಗ ರಾಜ್ಯ ಸಂವಿಧಾನದ 27ನೇ ವಿಧಿ.

ಬಹುಮಾನ, ಅಂಗಡಿಯವರ ಕಮಿಷನ್, ಆಡಳಿತದ ಖರ್ಚು ಎಲ್ಲ ಕಳೆದು ಉಳಿದದ್ದು ನಿವ್ವಳ ಆದಾಯ. ಅದರಲ್ಲಿ 40% ಕನ್ಸರ್ವೇಶನ್ ಟ್ರಸ್ಟ್ ಫಂಡ್ ಮೂಲಕ ಊರು, ಕೌಂಟಿ, ಪಾರ್ಕ್ ಜಿಲ್ಲೆಗಳಿಗೆ (ಪಾರ್ಕು ನಡೆಸಲೆಂದೇ ಇರುವ ಸ್ಥಳೀಯ ಸಂಸ್ಥೆಗಳು), 10% ರಾಜ್ಯದ ಪಾರ್ಕುಗಳಿಗೆ, ಉಳಿದದ್ದು ಗೋಕೋಗೆ. ಗೋಕೋ ಪಾಲಿಗೆ ಮಾತ್ರ ಮಿತಿ ಇದೆ. 1992ರ ಬೆಲೆಯಲ್ಲಿ ವರ್ಷಕ್ಕೆ 3.5 ಕೋಟಿ ಡಾಲರ್ ಇದ್ದದ್ದು, ಡೆನ್ವರ್ ಬೆಲೆ ಸೂಚ್ಯಂಕದ ಜೊತೆ ಏರುತ್ತ ಈಗ 7 ಕೋಟಿ ದಾಟಿದೆ.

ಲೆಕ್ಕಕ್ಕೆ ಒಂದು ಉದಾಹರಣೆ (ನಿಜವಾದ ವರ್ಷದ ಅಂಕಿ ಅಲ್ಲ). ನಿವ್ವಳ ಆದಾಯ 18 ಕೋಟಿ, ಮಿತಿ 7.5 ಕೋಟಿ ಎಂದುಕೊಳ್ಳಿ. ಟ್ರಸ್ಟ್ ಫಂಡಿಗೆ 7.2 ಕೋಟಿ, ರಾಜ್ಯ ಪಾರ್ಕುಗಳಿಗೆ 1.8 ಕೋಟಿ, ಉಳಿದ 9 ಕೋಟಿಯಲ್ಲಿ ಗೋಕೋಗೆ 7.5 ಕೋಟಿ. ಮೇಲಿನ ಒಂದೂವರೆ ಕೋಟಿ ಮುಖ್ಯವಾಗಿ ಶಾಲಾ ಕಟ್ಟಡಗಳಿಗೆ ಹೋಗುತ್ತದೆ. 2021ರ ಕಾನೂನಿನ ನಂತರ ಔಟ್‌ಡೋರ್ ಈಕ್ವಿಟಿ ಅನುದಾನಕ್ಕೂ (ಅವಕಾಶ ಕಡಿಮೆ ಇರುವ ಮಕ್ಕಳನ್ನು ಹೊರಾಂಗಣಕ್ಕೆ ಕರೆತರಲು) ಒಂದು ಭಾಗ ಇದೆ. ಮಾರಾಟ ಜೋರಾದ ವರ್ಷ "ಗೋಕೋಗೆ ಹಬ್ಬ" ಎಂದು ಪತ್ರಿಕೆಯವರು ಬರೆಯುವುದುಂಟು. ಮಿತಿ ಮುಟ್ಟಿದ ಮೇಲೆ ಹಬ್ಬ ಶಾಲೆಗಳದ್ದು.

ಇನ್ನೊಂದು ಗೊಂದಲವೂ ಸಭೆಗಳಲ್ಲಿ ಪದೇ ಪದೇ ಬರುತ್ತದೆ. ಕ್ಯಾಸಿನೊ ತೆರಿಗೆಯಿಂದ ನಡೆಯುವುದು ಐತಿಹಾಸಿಕ ಕಟ್ಟಡಗಳ ಸಂರಕ್ಷಣೆ, ಕ್ರೀಡಾ ಬೆಟ್ಟಿಂಗ್ ತೆರಿಗೆಯಿಂದ ನೀರಿನ ಯೋಜನೆಗಳು. ಲಾಟರಿಗೂ ಅವಕ್ಕೂ ಸಂಬಂಧವಿಲ್ಲ.

ಕೌಂಟಿಗುಮಾಸ್ತ:

ನಿಮ್ಮ ಮೊದಲ ಕೆಲಸಕ್ಕೆ, ಅಂದರೆ ಆಟದ ಅಂಗಳಕ್ಕೆ, ಟ್ರಸ್ಟ್ ಫಂಡೇ ಸರಿ. ಇದಕ್ಕೆ ಸ್ಪರ್ಧೆ ಇಲ್ಲ. ಸ್ಥಳೀಯ ವ್ಯವಹಾರಗಳ ಇಲಾಖೆ ಜನಸಂಖ್ಯೆಯ ಪ್ರಕಾರ ಮೂರು ತಿಂಗಳಿಗೊಮ್ಮೆ ಕೊಡುತ್ತದೆ. ಮೇಲಿನ ಉದಾಹರಣೆಯನ್ನೇ ಹಿಡಿದರೆ 7.2 ಕೋಟಿಯನ್ನು ಸುಮಾರು 58 ಲಕ್ಷ ಜನಕ್ಕೆ ಹಂಚಿದಾಗ ತಲೆಗೆ ವರ್ಷಕ್ಕೆ 12.40 ಡಾಲರ್ ಬೀಳುತ್ತದೆ, 6,000 ಜನರ ಊರಿಗೆ 74,000 ಡಾಲರ್ ಚಿಲ್ಲರೆ. ಪಾರ್ಕ್ ಜಿಲ್ಲೆಗಳಿಗೂ ಪಾಲು ಇರುವುದರಿಂದ ಕೈಗೆ ಬರುವ ಮೊತ್ತ ಬೇರೆಯಾಗುತ್ತದೆ. ಹಿಂದಿನ ಹನ್ನೆರಡು ಕಂತುಗಳನ್ನು ತೆಗೆದು ನೋಡಿ, ಅದರಲ್ಲಿ ಕಡಿಮೆ ಬಂದ ವರ್ಷದ ಮೊತ್ತವನ್ನು ಬಜೆಟ್ಟಿಗೆ ಬರೆಯಿರಿ. ಪವರ್‌ಬಾಲ್ ಎಂಬ ಹಲವು ರಾಜ್ಯಗಳ ಲಾಟರಿ ಆಟದ ಬಹುಮಾನ ಬೆಳೆದಾಗ ಮಾರಾಟ ಏರುತ್ತದೆ, ಬೇಗ ಯಾರಾದರೂ ಗೆದ್ದುಬಿಟ್ಟರೆ ಇಳಿಯುತ್ತದೆ. ಕಂತಿನ ಏರಿಳಿತ ಅಲ್ಲಿಂದಲೇ ಬರುವುದು.

ಈ ದುಡ್ಡಿಗೆ ಪ್ರತ್ಯೇಕ ಖಾತೆ ಬೇಕು. ಅದರ ಬಡ್ಡಿಯೂ ಅದೇ ಖಾತೆಯಲ್ಲಿ ಉಳಿಯಬೇಕು. ಸಣ್ಣ ಊರುಗಳು ಎಡವುವುದು ಇಲ್ಲಿಯೇ: ಎಲ್ಲ ಹಣವನ್ನೂ ಒಂದೇ ಕಡೆ ಹೂಡಿ, ಬಡ್ಡಿಯನ್ನು ಸಾಮಾನ್ಯ ನಿಧಿಗೆ ಬರೆದುಬಿಡುತ್ತಾರೆ. ಹೊಸ ಸಂರಕ್ಷಿತ ಜಾಗದ ಖರೀದಿ, ಅಭಿವೃದ್ಧಿ, ನಿರ್ವಹಣೆ; ಯಾವುದೇ ಸಾರ್ವಜನಿಕ ಜಾಗದಲ್ಲಿ ಮನರಂಜನೆಗೆ ಬೇಕಾದ ನಿರ್ಮಾಣ ಮತ್ತು ನಿರ್ವಹಣೆ, ಇಷ್ಟಕ್ಕೆ ಅವಕಾಶ. ಪಂದ್ಯದ ಅಂಪೈರ್ ಸಂಭಾವನೆ, ಚೆಂಡು, ಬೇಸಿಗೆ ಶಿಬಿರದ ಖರ್ಚನ್ನು ಇದಕ್ಕೆ ಹಾಕಬೇಡಿ. ನಿರ್ವಹಣಾ ಸಿಬ್ಬಂದಿಯ ಕೂಲಿಯನ್ನು ಇದರಿಂದ ಕೊಡುವುದಾದರೆ, ಯಾವ ಪಾರ್ಕಿನಲ್ಲಿ ಎಷ್ಟು ಗಂಟೆ ಎಂಬ ಟೈಮ್‌ಶೀಟ್ ಇಟ್ಟುಕೊಳ್ಳಿ. ಶಾಲೆಯ ಮೈದಾನಕ್ಕೆ ಖರ್ಚು ಮಾಡುವುದಾದರೆ, ಅದು ಊರಿನವರಿಗೂ ತೆರೆದಿರುತ್ತದೆ ಎಂಬ ಲಿಖಿತ ಒಪ್ಪಂದ ಮೊದಲೇ ಆಗಿರಲಿ.

ಆಟದ ಅಂಗಳದ ಅಂದಾಜಿನಲ್ಲಿ ಜನ ಜಾರುಬಂಡೆ, ಉಯ್ಯಾಲೆಯ ಬೆಲೆ ಬರೆದು ನೆಲವನ್ನು ಮರೆಯುತ್ತಾರೆ. ಮರದ ಚೂರು ಹಾಕುವುದಾದರೆ ತುಳಿತಕ್ಕೆ ಕಾಲುಭಾಗವಾದರೂ ಕುಸಿಯುತ್ತದೆ. 9 ಇಂಚು ಉಳಿಯಬೇಕಾದರೆ 12 ಇಂಚು ಸುರಿಯಬೇಕು. ಪ್ರತಿ ಉಪಕರಣದ ಸುತ್ತ ಕನಿಷ್ಠ 6 ಅಡಿ ಅದೇ ಮೆತ್ತನೆಯ ನೆಲ ಇರಬೇಕು, ಉಯ್ಯಾಲೆಗೆ ಹಿಂದೆ ಮುಂದೆ ಇನ್ನೂ ಹೆಚ್ಚು. ಅಡಿಯಲ್ಲಿ ನೀರು ಇಳಿದುಹೋಗುವ ವ್ಯವಸ್ಥೆ ಇಲ್ಲದಿದ್ದರೆ ಮರದ ಚೂರು ಕೊಳೆತು ಗಟ್ಟಿಯಾಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಾಗುತ್ತದೆ.

ಗಡಿಕಲ್ಲು:

ಹುಲ್ಲುಗಾವಲಿನ ವಿಷಯಕ್ಕೆ ಬರ್ತೀನಿ, ಮೂರರಲ್ಲಿ ಕಷ್ಟದ್ದು ಅದೇ. ಗೋಕೋ ದುಡ್ಡು ಸ್ಪರ್ಧಾತ್ಮಕ ಅನುದಾನ. ವನ್ಯಜೀವಿ, ಹೊರಾಂಗಣ ಮನರಂಜನೆ, ಬಯಲು ಪ್ರದೇಶ, ಸ್ಥಳೀಯ ಸರ್ಕಾರ ಎಂಬ ನಾಲ್ಕು ಉದ್ದೇಶಗಳಿಗೆ ಕಾಲಕ್ರಮದಲ್ಲಿ ಹೆಚ್ಚುಕಡಿಮೆ ಸಮನಾಗಿ ಹೋಗಬೇಕೆಂದು ಸಂವಿಧಾನವೇ ಹೇಳುತ್ತದೆ. ಬಯಲಿನ ಅನುದಾನಕ್ಕೆ ಊರು, ಕೌಂಟಿಗಳಷ್ಟೇ ಅಲ್ಲ, ಜಮೀನು ಸಂರಕ್ಷಿಸುವ ಲಾಭರಹಿತ ಲ್ಯಾಂಡ್ ಟ್ರಸ್ಟ್‌ಗಳೂ ಅರ್ಹ. ಅನುಭವ ಇರುವ ಟ್ರಸ್ಟ್ ಜೊತೆ ಸೇರಿ ಹೋಗುವುದು ಜಾಣತನ.

ಕ್ರಮ ಹೀಗೆ: ಮೊದಲು ಗೋಕೋದ ನಿಮ್ಮ ವಲಯದ ಅಧಿಕಾರಿಯ ಜೊತೆ ಮಾತು, ಆಮೇಲೆ ಚಿಕ್ಕ ಪರಿಕಲ್ಪನಾ ಟಿಪ್ಪಣಿ, ಅವರು ಕರೆದರೆ ಪೂರ್ಣ ಅರ್ಜಿ. ಜಮೀನು ಪೂರ್ತಿ ಕೊಳ್ಳಬೇಕಿಲ್ಲ. ಮಾಲೀಕರು ದನ ಮೇಯಿಸಿಕೊಂಡೇ ಇರಲಿ, ಮನೆ ಕಟ್ಟುವ ಹಕ್ಕನ್ನು ಮಾತ್ರ ಬಿಟ್ಟುಕೊಡುವ ಕನ್ಸರ್ವೇಶನ್ ಈಸ್‌ಮೆಂಟ್ ಮಾಡಿಸಬಹುದು. ಆದರೆ ಈಸ್‌ಮೆಂಟ್ ಆದ ಮಾತ್ರಕ್ಕೆ ಊರಿನವರಿಗೆ ಒಳಗೆ ಓಡಾಡುವ ಹಕ್ಕು ಬರುವುದಿಲ್ಲ. ಅದನ್ನು ಬೇರೆಯಾಗಿ ಮಾತಾಡಿ ಪತ್ರದಲ್ಲಿ ಬರೆಸಬೇಕು. ಈ ಒಂದು ವಿಷಯ ಸಮಿತಿಯಲ್ಲಿ ಮೊದಲೇ ತಿಳಿಯಾಗದಿದ್ದರೆ ಕೊನೆಯಲ್ಲಿ ಜಗಳ ಖಂಡಿತ.

ಕಾಗದಪತ್ರದಲ್ಲಿ ಮೊದಲು ನೋಡಬೇಕಾದದ್ದು ಖನಿಜ ಹಕ್ಕು. ಕೊಲೊರಾಡೊದಲ್ಲಿ ಮೇಲ್ಮೈ ಒಬ್ಬರದು, ಕೆಳಗಿನ ತೈಲ, ಅನಿಲ ಇನ್ನೊಬ್ಬರದು ಆಗಿರುವುದು ಸಾಮಾನ್ಯ. ಟೈಟಲ್ (ಮಾಲೀಕತ್ವದ ದಾಖಲೆ) ವರದಿಯಲ್ಲಿ ಹಕ್ಕು ಬೇರೆಯಾಗಿದೆ ಎಂದು ಕಂಡರೆ ಭೂವಿಜ್ಞಾನಿಯಿಂದ ಖನಿಜ ವರದಿ ಬೇಕು. ಮೇಲ್ಮೈ ಗಣಿಗಾರಿಕೆ ನಡೆಯುವ ಸಾಧ್ಯತೆ ತೀರಾ ನಗಣ್ಯ ಎಂದು ಅದು ಹೇಳದಿದ್ದರೆ ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಮಾಲೀಕರಿಗೆ ಸಿಗುವ ತೆರಿಗೆ ವಿನಾಯಿತಿಗೇ ತೊಂದರೆ, ವಿನಾಯಿತಿ ಇಲ್ಲವೆಂದರೆ ಅವರು ಬೆಲೆ ಇಳಿಸುವುದಿಲ್ಲ. ನೀರಿನ ಹಕ್ಕೂ ಅಷ್ಟೇ. ಅದನ್ನು ಈಸ್‌ಮೆಂಟಿಗೆ ಕಟ್ಟದಿದ್ದರೆ ನಾಳೆ ನೀರನ್ನಷ್ಟೇ ಮಾರಬಹುದು, ಹುಲ್ಲುಗಾವಲು ಒಣಗುತ್ತದೆ. ಮೌಲ್ಯಮಾಪನ, ಸರ್ವೆ, ಈಗಿನ ಸ್ಥಿತಿಯ ಬೇಸ್‌ಲೈನ್ ವರದಿ, ಆಮೇಲೆ ವರ್ಷಕ್ಕೊಮ್ಮೆ ಸ್ಥಳ ಪರಿಶೀಲನೆ, ಇವೆಲ್ಲದರ ಖರ್ಚೂ ಅಂದಾಜಿನಲ್ಲಿ ಇರಲಿ.

ಮಾರಲು ಮನಸ್ಸಿಲ್ಲದವರಿಂದ ಬಲವಂತವಾಗಿ ಭೂಸ್ವಾಧೀನ ಮಾಡಿಕೊಳ್ಳಲು ರಾಜ್ಯದ ಸಂಸ್ಥೆಗಳು ಈ ಹಣ ಬಳಸುವಂತಿಲ್ಲ, 27ನೇ ವಿಧಿಯಲ್ಲೇ ನಿಷೇಧವಿದೆ. ರೈತರ ಜೊತೆ ಮಾತಿಗೆ ಕೂತಾಗ ಇದನ್ನು ಮೊದಲು ಹೇಳಿ.

ಹಳ್ಳದದಂಡೆ:

ತುಂಬಾ ಉಪಯೋಗವಾಯಿತು. ಟ್ರೇಲಿಗೆ 10 ಅಡಿ ಅಗಲ, ಮೇಲೆ ಕ್ರಷರ್ ಪುಡಿ ಅಂದುಕೊಂಡಿದ್ದೇವೆ. ಗೋಕೋ ಅನುದಾನದ ಅರ್ಜಿಯಲ್ಲಿ ಪರಿಮಾಣ ಹೇಗೆ ತೋರಿಸುವುದು?

ಕಲ್ಲುಪುಡಿ:

ಒಂದೂವರೆ ಮೈಲಿ ಎಂದರೆ 7,920 ಅಡಿ. 10 ಅಡಿ ಅಗಲ, 4 ಇಂಚು ದಪ್ಪಕ್ಕೆ 26,400 ಘನ ಅಡಿ, ಅಂದರೆ ಸುಮಾರು 980 ಘನ ಗಜ. ರೋಲರ್ ಹಾಕಿದ ಮೇಲೆ ಕುಗ್ಗುತ್ತದೆ, 20% ಸೇರಿಸಿ 1,175 ಎಂದು ಬರೆಯಿರಿ. ಗಜಕ್ಕೆ 1.4 ಟನ್ ಹಿಡಿದರೆ 1,645 ಟನ್. 15 ಟನ್ನಿನ ಟ್ರಕ್ಕಿಗೆ 110 ಲೋಡು. ಈ ಲೋಡು ಬಂದು ಹೋಗುವ ದಾರಿ ಎಲ್ಲಿ ಎಂದು ನಕ್ಷೆಯಲ್ಲಿ ತೋರಿಸದ ಅರ್ಜಿಯನ್ನು ಯಾವ ಪರಿಶೀಲಕರೂ ನಂಬುವುದಿಲ್ಲ.

ಪುಡಿ 3/8 ಇಂಚು ಮತ್ತು ಅದಕ್ಕಿಂತ ಸಣ್ಣದು, ನುಣ್ಣನೆಯ ಅಂಶ ತೊಳೆಯದೇ ಇರುವಂಥದ್ದು. ತೊಳೆದ ಜಲ್ಲಿ ಹಾಕಿದರೆ ಕಚ್ಚಿಕೊಳ್ಳುವುದೇ ಇಲ್ಲ, ಗಾಲಿಕುರ್ಚಿ ಹೂತುಹೋಗುತ್ತದೆ. ಜೇಡಿ ನೆಲವಾದರೆ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅಡ್ಡ ಇಳಿಜಾರು 2%, ಉದ್ದಕ್ಕೆ 5% ಮೀರದಿರಲಿ. ಅದಕ್ಕಿಂತ ಕಡಿದಾದ ಕಡೆ ಮಳೆಗೆ ಪುಡಿ ಕೊಚ್ಚಿಹೋಗುತ್ತದೆ, ಅಷ್ಟು ತುಂಡಿಗೆ ಕಾಂಕ್ರೀಟ್ ಹಾಕುವುದೇ ಅಗ್ಗ. ಹಳ್ಳದ ಪಕ್ಕ ಆದ್ದರಿಂದ ಪ್ರವಾಹ ಬಯಲಿನ ಪರವಾನಗಿ ಬೇಕು; ನೀರಿನೊಳಗೆ ಮಣ್ಣು ತುಂಬುವುದಿದ್ದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆ ಆರ್ಮಿ ಕೋರ್‌ನ 404 ಪರವಾನಗಿಯೂ ಬೇಕು. ಅನುದಾನ ಸಾಮಾನ್ಯವಾಗಿ ಖರ್ಚು ಮಾಡಿದ ಮೇಲೆ ಮರುಪಾವತಿಯಾಗಿ ಬರುತ್ತದೆ. ಗುತ್ತಿಗೆದಾರರ ಬಿಲ್ಲಿಗೆ ಊರಿನ ನಗದು ಸಿದ್ಧವಿರಬೇಕು.

ಲೆಕ್ಕದಪುಸ್ತಕ:

ಶಾಸಕರು ಕೈ ಹಾಕಬಹುದೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಅದಕ್ಕೆ ಅರಿಜೋನಾ ನೋಡಿ. 1990ರಲ್ಲಿ ಮತದಾರರು ಲಾಟರಿಯಿಂದ ವರ್ಷಕ್ಕೆ 2 ಕೋಟಿ ಡಾಲರ್‌ವರೆಗೆ ಹೆರಿಟೇಜ್ ಫಂಡಿಗೆ ಇಟ್ಟರು, ಅರ್ಧ ವನ್ಯಜೀವಿಗೆ, ಅರ್ಧ ರಾಜ್ಯ ಪಾರ್ಕುಗಳಿಗೆ. ಆದರೆ ಅದು ಬರೀ ಕಾನೂನು, ಸಂವಿಧಾನ ಅಲ್ಲ. ಜನಮತದ ಕಾನೂನುಗಳಿಗೆ ರಕ್ಷಣೆ ಕೊಟ್ಟ ಅಲ್ಲಿನ ತಿದ್ದುಪಡಿ ಬಂದಿದ್ದೇ 1998ರಲ್ಲಿ. ಆರ್ಥಿಕ ಕುಸಿತದ ಹೊತ್ತಿಗೆ, 2010ರ ಸುಮಾರಿನಲ್ಲಿ, ಶಾಸನಸಭೆ ಪಾರ್ಕುಗಳ ಅರ್ಧವನ್ನು ಪೂರ್ತಿ ತೆಗೆದುಹಾಕಿತು. ಆರೆಗನ್ ಬೇರೆ ದಾರಿ ಹಿಡಿಯಿತು: 1998ರಲ್ಲಿ ಲಾಟರಿಯ 15% ಅನ್ನು ಪಾರ್ಕು ಮತ್ತು ಮೀನು, ಜಲಾನಯನಗಳಿಗೆ ಸಂವಿಧಾನದಲ್ಲೇ ಬರೆದು, 2010ರಲ್ಲಿ ಮತ್ತೆ ಮತ ಹಾಕಿ ಕಾಯಂ ಮಾಡಿತು.

ಕೊಲೊರಾಡೊದಲ್ಲಿ ಮಿತಿಯೊಳಗಿನ ಹಣವನ್ನು ಜನಮತವಿಲ್ಲದೆ ತಿರುಗಿಸಲಾಗದು. ಗೋಕೋ ಮಂಡಳಿ ರಾಜ್ಯದ ಇಲಾಖೆಯಲ್ಲ. ಪ್ರತಿ ಕಾಂಗ್ರೆಸ್ ಕ್ಷೇತ್ರದಿಂದ ಇಬ್ಬರು ಸದಸ್ಯರು, ಇಬ್ಬರೂ ಒಂದೇ ದೊಡ್ಡ ಪಕ್ಷದವರಾಗುವಂತಿಲ್ಲ. ಮಿತಿಯ ಮೇಲಿನದು ಮಾತ್ರ ಶಾಸಕರ ಕೈಯಲ್ಲಿದೆ. ನಿಜವಾದ ಅಪಾಯ ಇರುವುದು ಊರೊಳಗೆ. ಲಾಟರಿ ಹಣ ಬರುತ್ತದಲ್ಲ ಎಂದು ಕೌನ್ಸಿಲ್ ಪಾರ್ಕಿನ ಮಾಮೂಲಿ ಬಜೆಟ್ಟನ್ನೇ ಕತ್ತರಿಸುವುದು. ಈ ಹಣ ಮಾಮೂಲಿ ಅನುದಾನಕ್ಕೆ ಬದಲಿಯಲ್ಲ ಎಂಬ ಮಾತು 27ನೇ ವಿಧಿಯಲ್ಲಿದೆ, ಆದರೆ ಅದು ಹೇಳುವುದು ರಾಜ್ಯದ ಶಾಸನಸಭೆಗೆ. ನಿಮ್ಮ ಕೌನ್ಸಿಲಿನಲ್ಲಿ ಅದನ್ನು ಕೇಳಬೇಕಾದವರು ನೀವೇ. ಕಳೆದ ಐದು ವರ್ಷದ ಪಾರ್ಕ್ ಬಜೆಟ್ಟನ್ನು ಎರಡು ಕಾಲಮ್ಮಿನಲ್ಲಿ, ಊರಿನ ಹಣ ಒಂದು ಕಡೆ, ಲಾಟರಿ ಹಣ ಇನ್ನೊಂದು ಕಡೆ ಬರೆದು ಸಭೆಗೆ ಮುಂಚೆ ಎಲ್ಲರಿಗೂ ಹಂಚಿ.